ಬಿಯರಿಗೊಂದು ತಂಪು ಗೂಡು: ಹಳೆಯ ಫ್ರೀಜರಿನಿಂದ ಹುದುಗು ಪೆಟ್ಟಿಗೆ ಮಾಡುವ ಬಗೆ

ಟೆಕ್ಸಸ್‌ನ ಆಸ್ಟಿನ್ ನಗರದಲ್ಲಿ ಜುಲೈ ತಿಂಗಳ ನಡುಮಧ್ಯಾಹ್ನ ನಮ್ಮ ಗ್ಯಾರೇಜಿನ ಗೋಡೆಯ ಥರ್ಮಾಮೀಟರ್ 39 ಡಿಗ್ರಿ ಸೆಲ್ಸಿಯಸ್ ತೋರಿಸುತ್ತದೆ. ಅದೇ ಗ್ಯಾರೇಜಿನ ಮೂಲೆಯಲ್ಲಿ ಒಂದು ಬಿಳಿ ಪೆಟ್ಟಿಗೆ ಇದೆ. ಮುಚ್ಚಳ ಎತ್ತಿದರೆ ತಣ್ಣನೆಯ ಗಾಳಿ ಕೈಗೆ ಸೋಕುತ್ತದೆ. ಒಳಗೆ 19 ಲೀಟರ್ ಬಿಯರ್ 19 ಡಿಗ್ರಿಯಲ್ಲಿ ಹುದುಗುತ್ತಿರುತ್ತದೆ. ಒಳಗಿನ ಅನಿಲವನ್ನು ಹೊರಬಿಟ್ಟು ಹೊರಗಿನ ಗಾಳಿಯನ್ನು ತಡೆಯುವ, ನೀರು ತುಂಬಿದ ಏರ್‌ಲಾಕಿನಲ್ಲಿ ಎರಡು ಸೆಕೆಂಡಿಗೊಂದು ಗುಳ್ಳೆ ಏಳುತ್ತಿರುತ್ತದೆ. ಅದು ಯಾರೋ ಬೇಡವೆಂದು ಮಾರಿದ ಚೆಸ್ಟ್ ಫ್ರೀಜರ್. ಅದನ್ನು ಹುದುಗು ಪೆಟ್ಟಿಗೆಯಾಗಿಸಲು ನನಗೆ ಒಂದು ಶನಿವಾರ, ಒಂದು ಭಾನುವಾರ ಸಾಕಾಯಿತು.

ಈ ಪೆಟ್ಟಿಗೆ ಬರುವ ಮೊದಲು ಮಾಡಿದ ಬಿಯರಿನ ರುಚಿ ಇನ್ನೂ ನೆನಪಿದೆ. ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಚೆನ್ನಾಗಿತ್ತು, ಕಹಿ ಕೊಡುವ ಹಾಪ್ಸ್ ಹೂ ಹೊಸದಾಗಿತ್ತು, ಪಾತ್ರೆಗಳ ಶುಚಿತ್ವದಲ್ಲಿ ಒಂದಿಷ್ಟೂ ಅಸಡ್ಡೆ ತೋರಿರಲಿಲ್ಲ. ಬಕೆಟ್ಟನ್ನು ಬಟ್ಟೆಯ ಕಪಾಟಿನಲ್ಲಿಟ್ಟು, ಮನೆಯ ಎಸಿಯನ್ನು 24ಕ್ಕೆ ಹೊಂದಿಸಿ ನೆಮ್ಮದಿಯಿಂದ ಮಲಗಿದ್ದೆ. ಎರಡನೆಯ ದಿನ ಬಕೆಟ್ಟಿನ ಮೈಗೆ ಅಂಟಿಸಿದ್ದ ಥರ್ಮಾಮೀಟರ್ ಪಟ್ಟಿ ನೋಡಿದರೆ 29! ಮೂರು ವಾರ ಕಾದು ಬಾಟಲಿ ತೆರೆದಾಗ ಕಪ್ಪಿಟ್ಟ ಬಾಳೆಹಣ್ಣಿನ ವಾಸನೆ. ಒಂದು ಗುಟುಕು ಕುಡಿದರೆ ಗಂಟಲಲ್ಲಿ ಸ್ಪಿರಿಟ್ಟಿನ ಉರಿ.

ಕೋಣೆ 24ರಲ್ಲಿದ್ದರೂ ಬಕೆಟ್ 29ಕ್ಕೆ ಏರಿದ್ದು ಹೇಗೆ? ಮಾಲ್ಟ್ ಮತ್ತು ಹಾಪ್ಸ್ ಕುದಿಸಿ ತೆಗೆದ ಸಿಹಿ ಕಷಾಯಕ್ಕೆ ವರ್ಟ್ ಎನ್ನುತ್ತಾರೆ. ಅದರ ಸಕ್ಕರೆಯನ್ನು ಯೀಸ್ಟ್ ಆಲ್ಕೋಹಾಲ್ ಆಗಿಸುವಾಗ ಶಾಖವೂ ಹುಟ್ಟುತ್ತದೆ. 19 ಲೀಟರಿನ ಸಾಧಾರಣ ಬಿಯರಿನಲ್ಲಿ ಹುಟ್ಟುವ ಅಷ್ಟೂ ಶಾಖ ಹೊರಗೆ ಹೋಗದೆ ಅಲ್ಲೇ ಉಳಿದರೆ ಅದರ ಉಷ್ಣಾಂಶ ಸುಮಾರು 10 ಡಿಗ್ರಿ ಏರುತ್ತದೆ. ಬಕೆಟ್ಟಿನ ಮೈಯಿಂದ ಒಂದಿಷ್ಟು ಶಾಖ ಗಾಳಿಗೆ ಹೋಗುವುದರಿಂದ ಏರಿಕೆ ಮೂರರಿಂದ ಆರು ಡಿಗ್ರಿಯಲ್ಲಿ ನಿಲ್ಲುತ್ತದೆ. ಹಾಗಾಗಿ ಈ ಲೇಖನದಲ್ಲಿ ನಾನು ಮತ್ತೆ ಮತ್ತೆ ಹೇಳುವ ಮಾತು ಒಂದೇ: ಹತೋಟಿಯಲ್ಲಿಡಬೇಕಾದ್ದು ಬಿಯರಿನ ಉಷ್ಣಾಂಶವನ್ನು, ಅದರ ಸುತ್ತಲಿನ ಗಾಳಿಯದನ್ನಲ್ಲ.

ದೋಸೆ ಹಿಟ್ಟು ರುಬ್ಬುವ ಮನೆಯವರಿಗೆ ಉಷ್ಣಾಂಶದ ಮಹಿಮೆಯನ್ನು ವಿವರಿಸಬೇಕಾಗಿಲ್ಲ. ಏಪ್ರಿಲ್‌ನಲ್ಲಿ ರಾತ್ರಿ ಇಟ್ಟ ಹಿಟ್ಟು ಬೆಳಗಾಗುವಷ್ಟರಲ್ಲಿ ಉಕ್ಕಿ ಹುಳಿಯಾಗಿರುತ್ತದೆ. ಡಿಸೆಂಬರಿನಲ್ಲಿ ಕಂಬಳಿ ಹೊದಿಸಿದರೂ ಏಳುವುದಿಲ್ಲ. ಬಿಯರ್ ಯೀಸ್ಟ್ ಇನ್ನೂ ಸೂಕ್ಷ್ಮ. ಏಲ್ ಜಾತಿಯ ಬಿಯರಿಗೆ 18ರಿಂದ 20 ಡಿಗ್ರಿ ಹಿತ, ಲಾಗರಿಗೆ 10ರಿಂದ 12. ಇದಕ್ಕಿಂತ ಬಿಸಿಯಾದರೆ ಹಣ್ಣಿನ ವಾಸನೆಯ ಎಸ್ಟರ್‌ಗಳೂ ಗಂಟಲು ಸುಡುವ ಫ್ಯೂಸೆಲ್ ಆಲ್ಕೋಹಾಲ್‌ಗಳೂ ಹೆಚ್ಚುತ್ತವೆ. ತೀರಾ ತಣ್ಣಗಾದರೆ ಯೀಸ್ಟ್ ಕೆಲಸ ಅರ್ಧಕ್ಕೆ ಬಿಟ್ಟು ತಳ ಸೇರುತ್ತದೆ. ಜರ್ಮನಿಯ ಬವೇರಿಯಾದಲ್ಲಿ 1553ರಲ್ಲಿ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ತಯಾರಿಕೆಯನ್ನೇ ನಿಷೇಧಿಸಿದ್ದರು. ಬೇಸಿಗೆಯ ಬಿಯರ್ ಕೆಡುತ್ತಿತ್ತು. 1870ರ ದಶಕದಲ್ಲಿ ಎಂಜಿನಿಯರ್ ಕಾರ್ಲ್ ಫಾನ್ ಲಿಂಡೆ ತನ್ನ ಶೈತ್ಯ ಯಂತ್ರವನ್ನು ಮ್ಯೂನಿಕ್‌ನ ಬ್ರೂವರಿಯೊಂದಕ್ಕೆ ಅಳವಡಿಸಿದ ಮೇಲೆಯೇ ವರ್ಷವಿಡೀ ಲಾಗರ್ ಮಾಡುವುದು ಸುಲಭವಾದದ್ದು. ನಾವು ಗ್ಯಾರೇಜಿನಲ್ಲಿ ಮಾಡುತ್ತಿರುವುದು ಅದೇ ಕೆಲಸದ ಚಿಕ್ಕ ರೂಪ.

ಮೊದಲು ಕಾನೂನಿನ ಮಾತು

ಅಮೆರಿಕದ ಒಕ್ಕೂಟ ಕಾನೂನು 1979ರಿಂದ ಮನೆಬಳಕೆಗೆ ಬಿಯರ್ ಮಾಡಿಕೊಳ್ಳಲು ಅವಕಾಶ ಕೊಟ್ಟಿದೆ: ಒಬ್ಬರೇ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಜನರಿದ್ದರೆ 200 ಗ್ಯಾಲನ್. ಮಾರುವಂತಿಲ್ಲ. ಕರ್ನಾಟಕದಲ್ಲಿ ಇದಕ್ಕೆ ಅವಕಾಶವಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವುದು ಅಪರಾಧ. ಊರಿನಲ್ಲಿರುವ ಓದುಗರು ಇದೇ ಪೆಟ್ಟಿಗೆಯನ್ನು ಚೀಸ್ ಹದ ಮಾಡಲು, ಬ್ರೆಡ್ಡಿನ ಹಿಟ್ಟು ಏಳಿಸಲು ಬಳಸಿಕೊಳ್ಳಬಹುದು. ಕಟ್ಟುವ ವಿಧಾನದಲ್ಲಿ ಏನೂ ವ್ಯತ್ಯಾಸವಿಲ್ಲ.

ಪೆಟ್ಟಿಗೆ ಆರಿಸುವುದು

ಮೇಲಕ್ಕೆ ಮುಚ್ಚಳ ತೆರೆಯುವ ಚೆಸ್ಟ್ ಫ್ರೀಜರ್ ನನ್ನ ಆಯ್ಕೆ. ತಣ್ಣನೆಯ ಗಾಳಿ ಭಾರ. ಮುಚ್ಚಳ ಎತ್ತಿದಾಗಲೂ ಅದು ಬಾವಿಯ ನೀರಿನಂತೆ ಒಳಗೇ ನಿಲ್ಲುತ್ತದೆ. 5 ಘನ ಅಡಿಯ ಫ್ರೀಜರಿನಲ್ಲಿ ಒಂದು ಬಕೆಟ್ ಹಿಡಿಸುತ್ತದೆ. ಸುಮಾರು 200 ಲೀಟರ್ ಒಳಜಾಗವಿರುವ 7 ಘನ ಅಡಿಯದರಲ್ಲಿ ಸಾಮಾನ್ಯವಾಗಿ ಎರಡು ಕೂರುತ್ತವೆ. ಆದರೆ ಒಳಗೆ ಒಂದು ಬದಿಯಲ್ಲಿ ಕಂಪ್ರೆಸರಿಗಾಗಿ ಮೆಟ್ಟಿಲಿನಂಥ ಉಬ್ಬು ಇರುತ್ತದೆ. ಘನ ಅಡಿಯ ಲೆಕ್ಕ ಅದನ್ನು ಹೇಳುವುದಿಲ್ಲ. ನಿಮ್ಮ ಬಕೆಟ್ಟಿನ ತಳದ ಅಳತೆಗೆ ಒಂದು ರಟ್ಟು ಕತ್ತರಿಸಿಕೊಂಡು ಹೋಗಿ, ಫ್ರೀಜರಿನ ತಳಕ್ಕೆ ಹಾಸಿ ನೋಡಿ. ಏರ್‌ಲಾಕ್ ಸೇರಿಸಿ ಎತ್ತರವನ್ನೂ ಅಳೆಯಿರಿ.

ಹಳೆಯದನ್ನು ಕೊಳ್ಳುವಾಗ ಮಾರುವವರಿಗೆ ಮೊದಲೇ ಹೇಳಿ ಫ್ರೀಜರನ್ನು ಎರಡು ಗಂಟೆ ಮುಂಚೆ ಚಾಲೂ ಮಾಡಿಸಿಡಿ. ನೀವು ಹೋದಾಗ ಒಳಗೋಡೆಗಳ ಮೇಲೆ ಹಿಮದ ತೆಳುಪೊರೆ ಕಟ್ಟಿರಬೇಕು. ಕಂಪ್ರೆಸರಿನ ಸದ್ದು ಒಂದೇ ಸಮನೆ ಗುಂಯ್‌ಗುಡಬೇಕು. ಕಟಕಟ ಎಂದು ನಿಂತು ನಿಂತು ಶುರುವಾದರೆ ಬಿಟ್ಟು ಬನ್ನಿ. ಒಂದು ನೋಟನ್ನು ಮುಚ್ಚಳದ ಸಂದಿಗೆ ಸಿಕ್ಕಿಸಿ ಎಳೆಯಿರಿ. ರಬ್ಬರ್ ಪಟ್ಟಿ ಚೆನ್ನಾಗಿದ್ದರೆ ನೋಟು ಬಿಗಿಯಾಗಿ ಬರುತ್ತದೆ, ಸಡಿಲವಾಗಿದ್ದರೆ ಜಾರಿ ಬಂದುಬಿಡುತ್ತದೆ. ನಾಲ್ಕೂ ಬದಿಯಲ್ಲಿ ಹೀಗೆ ನೋಡಿ. ಒಳಗೆ ಮೂಗು ಇಟ್ಟು ವಾಸನೆ ಹಿಡಿಯಿರಿ. ಕೊಳೆತ ಮಾಂಸದ ವಾಸನೆ ಪ್ಲಾಸ್ಟಿಕ್ಕಿಗೆ ಹತ್ತಿದರೆ ಏನು ಮಾಡಿದರೂ ಬಿಡುವುದಿಲ್ಲ.

ಸಾಗಿಸುವಾಗ ನಿಲ್ಲಿಸಿಯೇ ತನ್ನಿ. ಮಲಗಿಸಲೇಬೇಕಾಗಿ ಬಂದರೆ ಮನೆಗೆ ಬಂದ ಮೇಲೆ ಒಂದು ದಿನ ನಿಲ್ಲಿಸಿಟ್ಟು, ಕಂಪ್ರೆಸರಿನ ಎಣ್ಣೆ ಸ್ವಸ್ಥಾನಕ್ಕೆ ಇಳಿದ ಬಳಿಕ ಚಾಲೂ ಮಾಡಿ. ಮನೆಯಲ್ಲಿ ಮಕ್ಕಳಿದ್ದರೆ ಮೊಟ್ಟಮೊದಲು ಮುಚ್ಚಳದ ಬೀಗವನ್ನು ಕಿತ್ತುಹಾಕಿ. ಮಕ್ಕಳು ಫ್ರಿಜ್ಜಿನೊಳಗೆ ಸಿಕ್ಕಿಕೊಂಡು ಸತ್ತ ಘಟನೆಗಳಿಂದಾಗಿಯೇ ಅಮೆರಿಕದಲ್ಲಿ 1956ರಲ್ಲಿ, ಬಾಗಿಲು ಒಳಗಿನಿಂದಲೂ ತೆರೆಯುವಂತಿರಬೇಕೆಂದು ಕಾನೂನು ಮಾಡಬೇಕಾಯಿತು.

ಕಂಟ್ರೋಲರ್ ಮತ್ತು ಹೀಟರ್

ಫ್ರೀಜರಿನ ಸ್ವಂತ ಥರ್ಮೋಸ್ಟಾಟ್ ನಮ್ಮ ಉಪಯೋಗಕ್ಕೆ ಬಾರದು. ಅದು ಮೈನಸ್ 18ರ ಲೆಕ್ಕದಲ್ಲಿ ಓಡುವಂಥದ್ದು. ಆದ್ದರಿಂದ ಹೊರಗಿನಿಂದ ಒಂದು ಕಂಟ್ರೋಲರ್ ಬೇಕು. ಅದು ಸೆನ್ಸರಿನ ಮೂಲಕ ಉಷ್ಣಾಂಶ ಓದಿ, ಬೇಕಾದಾಗ ಫ್ರೀಜರಿಗೆ ವಿದ್ಯುತ್ ಕೊಡುತ್ತದೆ, ಸಾಕಾದಾಗ ಕಡಿಯುತ್ತದೆ. ಮನೆಯಲ್ಲಿ ಬಿಯರ್ ಮಾಡುವವರಲ್ಲಿ ಹೆಚ್ಚು ಬಳಕೆಯಲ್ಲಿರುವುದು ಇಂಕ್‌ಬರ್ಡ್ ಐಟಿಸಿ-308. ಅದರಲ್ಲಿ ಎರಡು ಸಾಕೆಟ್ ಇವೆ, ಒಂದು ತಂಪಿಗೆ, ಇನ್ನೊಂದು ಬಿಸಿಗೆ. ಅಮೆರಿಕದ ಮಾದರಿ 1100 ವ್ಯಾಟ್‌ವರೆಗೆ ತಡೆದುಕೊಳ್ಳುತ್ತದೆ, ಚಿಕ್ಕ ಫ್ರೀಜರಿಗೆ ಇದು ಧಾರಾಳ. ಎಸ್‌ಟಿಸಿ-1000 ಎಂಬ ಬಿಡಿ ಕಂಟ್ರೋಲರ್ ಇನ್ನೂ ಅಗ್ಗ, ಆದರೆ ಅದಕ್ಕೆ ಸಾಕೆಟ್ಟುಗಳನ್ನು ನೀವೇ ಜೋಡಿಸಿ, ತಂತಿ ಎಳೆದು, ಡಬ್ಬಿಯಲ್ಲಿ ಕೂರಿಸಬೇಕು. ವಿದ್ಯುತ್ ಕೆಲಸ ಕೈಗೆ ಹತ್ತಿದವರು ಮಾತ್ರ ಅದಕ್ಕೆ ಕೈಹಾಕಿ. ಉಳಿದವರು ಇಪ್ಪತ್ತು ಡಾಲರ್ ಉಳಿಸುವ ಆಸೆ ಬಿಡಿ.

ತಂಪಿನ ಪೆಟ್ಟಿಗೆಗೆ ಹೀಟರ್ ಏಕೆ ಎಂದು ಕೇಳುತ್ತಾರೆ. ಜನವರಿಯಲ್ಲಿ ಇಲ್ಲಿನ ಗ್ಯಾರೇಜ್ ಐದು ಡಿಗ್ರಿಗೆ ಇಳಿಯುತ್ತದೆ. ಬೇಸಿಗೆಯಲ್ಲಿಯೂ, ಹುದುಗುವಿಕೆ ಮುಗಿಯುವ ಹೊತ್ತಿಗೆ ಬಿಯರನ್ನು ಒಂದೆರಡು ಡಿಗ್ರಿ ಏರಿಸಬೇಕಾಗುತ್ತದೆ. ಸಸಿ ಬೆಳೆಸುವವರು ಕುಂಡದ ಕೆಳಗೆ ಹಾಸುವ, 20ರಿಂದ 40 ವ್ಯಾಟ್‌ನ ಬಿಸಿ ಚಾಪೆ ಸಾಕು. ಅದನ್ನು ಬಕೆಟ್ಟಿನ ಪಕ್ಕಕ್ಕೆ ಸುತ್ತಿ, ಬೆಲ್ಟಿನಿಂದ ಕಟ್ಟಿ. ಉರಿಯುವ ಬಲ್ಬು ಇಡುವ ಸಲಹೆ ಅಲ್ಲಲ್ಲಿ ಕಾಣುತ್ತದೆ, ನಾನು ಒಪ್ಪುವುದಿಲ್ಲ. ಬೆಳಕು ಬಿದ್ದರೆ ಹಾಪ್ಸ್‌ನ ಕಹಿ ಅಂಶ ಒಡೆದು ಬಿಯರಿಗೆ ಸ್ಕಂಕ್ ಪ್ರಾಣಿಯ ನಾತ ಹಿಡಿಯುತ್ತದೆ.

ಕೊರೆಯಬಾರದ ಗೋಡೆ

ಇದನ್ನು ಎರಡು ಸಲ ಓದಿ: ಚೆಸ್ಟ್ ಫ್ರೀಜರಿನ ಗೋಡೆಗೆ ಡ್ರಿಲ್ ಹಾಕಬೇಡಿ. ಶೈತ್ಯ ಅನಿಲದ ಕೊಳವೆಗಳು ಗೋಡೆಯೊಳಗೇ ಸುತ್ತಿಕೊಂಡಿರುತ್ತವೆ, ಹೊರಗಿನಿಂದ ಕಾಣುವುದಿಲ್ಲ. ಒಂದು ತೂತು ಬಿದ್ದರೆ ಫ್ರೀಜರಿನ ಕಥೆ ಮುಗಿಯಿತು. ಹೊಸ ಫ್ರೀಜರುಗಳಲ್ಲಿ ಐಸೋಬ್ಯೂಟೇನ್ ಎಂಬ ಹೊತ್ತಿಕೊಳ್ಳುವ ಅನಿಲ ಇರುವುದರಿಂದ ನಿಮಗೂ ಅಪಾಯ.

ಸೆನ್ಸರಿನ ತೆಳು ತಂತಿಯನ್ನು ಒಳಗೆ ತರಲು ತೂತು ಬೇಕಾಗಿಯೂ ಇಲ್ಲ. ಮುಚ್ಚಳದ ರಬ್ಬರ್ ಪಟ್ಟಿಯ ಅಡಿಯಿಂದ ಎಳೆದುಕೊಂಡರೆ ಆಯಿತು. ಹೀಟರಿನ ತಂತಿ, ಫ್ಯಾನಿನ ತಂತಿ ಎಂದು ಸಂಖ್ಯೆ ಹೆಚ್ಚಿದಾಗ, ಅಥವಾ ಏರ್‌ಲಾಕ್ ಮುಚ್ಚಳಕ್ಕೆ ತಾಗುವಾಗ ಮಾತ್ರ, ಫ್ರೀಜರಿನ ಬಾಯಿಗೂ ಮುಚ್ಚಳಕ್ಕೂ ನಡುವೆ ಕೂರಿಸುವ ಮರದ ಚೌಕಟ್ಟಿನ ಮಾತು. ಬಕೆಟ್ ಹಾಗೆಯೇ ಹಿಡಿಸಿದರೆ ಮುಂದಿನ ಎರಡು ಪ್ಯಾರಾ ಬಿಟ್ಟುಬಿಡಿ.

ಚೌಕಟ್ಟಿಗೆ ಅಂಗಡಿಯಲ್ಲಿ ‘ಎರಡು-ಆರು’ ಎಂದು ಮಾರುವ ಪೈನ್ ಹಲಗೆ ಕೊಳ್ಳಿ. ಹೆಸರು ಎರಡಿಂಚು-ಆರಿಂಚು ಎಂದಿದ್ದರೂ ನಿಜ ಅಳತೆ 38 ಮಿಲಿಮೀಟರ್ ದಪ್ಪ, 140 ಮಿಲಿಮೀಟರ್ ಅಗಲ. ಈ 140 ಮಿಲಿಮೀಟರೇ ನಿಮಗೆ ಸಿಗುವ ಹೆಚ್ಚುವರಿ ಎತ್ತರ. ಫ್ರೀಜರಿನ ಬಾಯಿಯ ಅಂಚನ್ನು ಹೊರಗಿನಿಂದ ಅಳೆದು, ನಾಲ್ಕು ತುಂಡು ಕತ್ತರಿಸಿ, ಮೂಲೆಗಳನ್ನು ಮರದ ಗೋಂದು ಮತ್ತು ಉದ್ದ ಸ್ಕ್ರೂಗಳಿಂದ ಬಿಗಿಯಿರಿ. ಗೋಂದು ಒಣಗುವ ಮುನ್ನ ಎರಡೂ ಕರ್ಣಗಳನ್ನು ಅಳೆದು ನೋಡಿ; ಸಮ ಇಲ್ಲದಿದ್ದರೆ ಚೌಕಟ್ಟು ಸೊಟ್ಟಗಿದೆ ಎಂದರ್ಥ, ಉದ್ದದ ಕರ್ಣದ ಮೂಲೆಯನ್ನು ಒಳಕ್ಕೆ ಒತ್ತಿ ಸರಿಪಡಿಸಿ. ಒಳಮೈಗೆ ಎರಡು ಕೋಟ್ ಎಣ್ಣೆ ಬಣ್ಣ ಹೊಡೆಯಿರಿ, ಇಲ್ಲವಾದರೆ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ತಂತಿಗಳಿಗೆ ಬೇಕಾದ ತೂತುಗಳನ್ನು ಈ ಮರದಲ್ಲಿ ಕೊರೆದುಕೊಳ್ಳಿ.

ಚೌಕಟ್ಟನ್ನು ಫ್ರೀಜರಿನ ಮೈಗೆ ಅಂಟಿಸುವವರಿದ್ದಾರೆ. ನಾನು ಮುಚ್ಚಳಕ್ಕೇ ಜೋಡಿಸಿದ್ದೇನೆ. ಮುಚ್ಚಳ ಎತ್ತಿದಾಗ ಚೌಕಟ್ಟೂ ಮೇಲೇಳುವುದರಿಂದ, ತುಂಬಿದ ಬಕೆಟ್ಟನ್ನು ಅಷ್ಟು ಕಡಿಮೆ ಎತ್ತರಕ್ಕೆ ಎತ್ತಿದರೆ ಸಾಕು. ಇದಕ್ಕೆ ಮುಚ್ಚಳವನ್ನು ಕೀಲುಗಳಿಂದ ಬಿಡಿಸಬೇಕು. ಕೀಲಿನೊಳಗೆ ಬಲವಾದ ಸ್ಪ್ರಿಂಗ್ ಇರುತ್ತದೆ. ಮುಚ್ಚಳ ಹಾಕಿದ ಸ್ಥಿತಿಯಲ್ಲಿ ಸ್ಕ್ರೂ ಬಿಚ್ಚಿದರೆ ಕೀಲು ಛಟ್ಟನೆ ಚಿಮ್ಮಿ ಬೆರಳು ಮುರಿಯಬಹುದು. ಮುಚ್ಚಳ ಪೂರ್ತಿ ತೆರೆದು, ಇನ್ನೊಬ್ಬರು ಅದನ್ನು ಹಿಡಿದುಕೊಂಡಿರುವಾಗ ಬಿಚ್ಚಿ. ಕೀಲಿನ ಮೇಲಿನ ಎಲೆಯನ್ನು ಚೌಕಟ್ಟಿನ ಹಿಂದಿನ ಹಲಗೆಗೆ ಹಾಕಿ, ಮುಚ್ಚಳವನ್ನು ಚೌಕಟ್ಟಿನ ಮೇಲೆ ಕೂರಿಸಿ ಮೂಲೆಗಳಲ್ಲಿ ಲೋಹದ ಎಲ್ ಪಟ್ಟಿಗಳಿಂದ ಬಿಗಿಯಿರಿ. ಚೌಕಟ್ಟಿನ ಕೆಳಅಂಚಿಗೆ ಬಾಗಿಲಿನ ಸಂದಿ ಮುಚ್ಚುವ ಸ್ಪಂಜಿನ ಪಟ್ಟಿ ಅಂಟಿಸಿ. ಮುಚ್ಚಳ ಈಗ ಭಾರವಾಗಿರುವುದರಿಂದ ತೆರೆದಿಡುವಾಗ ಒಂದು ಗಟ್ಟಿ ಕೋಲಿನ ಆಸರೆ ಕೊಡಿ.

ಸೆನ್ಸರ್ ಎಲ್ಲಿರಬೇಕು

ಇಡೀ ಪೆಟ್ಟಿಗೆಯ ಯಶಸ್ಸು ನಿಂತಿರುವುದು ಇಲ್ಲಿ. ಸೆನ್ಸರನ್ನು ಗಾಳಿಯಲ್ಲಿ ತೂಗುಬಿಟ್ಟರೆ ಕಂಟ್ರೋಲರ್ ಗಾಳಿಯನ್ನು 19ರಲ್ಲಿಟ್ಟು ತೃಪ್ತಿಪಡುತ್ತದೆ. ಬಕೆಟ್ಟಿನೊಳಗೆ ಬಿಯರ್ 24ಕ್ಕೆ ಏರಿದರೂ ಅದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ಸೆನ್ಸರನ್ನು ಬಕೆಟ್ಟಿನ ಹೊರಮೈಗೆ, ದ್ರವದ ಮಟ್ಟಕ್ಕಿಂತ ಸಾಕಷ್ಟು ಕೆಳಗೆ, ಬಿಸಿ ಚಾಪೆಯಿಂದ ದೂರದ ಬದಿಯಲ್ಲಿ ಒತ್ತಿ ಟೇಪ್ ಹಾಕಿ. ಅದರ ಮೇಲೆ ಅಂಗೈ ಅಗಲದ ದಪ್ಪ ಸ್ಪಂಜು ಅಥವಾ ನಾಲ್ಕು ಮಡಿಕೆಯ ಟವೆಲ್ ಇಟ್ಟು, ಅದರ ಮೇಲೆ ಮತ್ತೆ ಟೇಪ್ ಸುತ್ತಿ. ಹೊರಗಿನ ಗಾಳಿ ಸೆನ್ಸರಿಗೆ ತಾಗಬಾರದು. ಹೀಗೆ ಹೊದಿಸಿದ ಸೆನ್ಸರ್, ಬಿಯರಿನೊಳಗೆ ಕೊಳವೆ ಇಳಿಸಿ ಅಳೆದದ್ದಕ್ಕೆ ತೀರಾ ಹತ್ತಿರದ ಅಂಕಿ ಕೊಡುತ್ತದೆ.

ಅಂಟಿಸುವ ಮೊದಲು ಸೆನ್ಸರ್ ನಿಜ ಹೇಳುತ್ತಿದೆಯೇ ನೋಡಿ. ಒಂದು ಲೋಟ ತುಂಬ ಪುಡಿ ಮಂಜುಗಡ್ಡೆ ಹಾಕಿ, ಅದು ಮುಳುಗುವಷ್ಟೇ ನೀರು ಸುರಿದು, ಕಲಸಿ, ಐದು ನಿಮಿಷ ಸೆನ್ಸರನ್ನು ಅದರಲ್ಲಿಡಿ. ಸೊನ್ನೆ ಬರಬೇಕು. 0.6 ತೋರಿಸಿದರೆ ಕಂಟ್ರೋಲರಿನ ‘ಸಿಎ’ ಸೆಟ್ಟಿಂಗ್‌ನಲ್ಲಿ ಮೈನಸ್ 0.6 ಹಾಕಿ.

ಸೆಟ್ಟಿಂಗ್‌ಗಳು ಮತ್ತು ನೀರಿನ ಪರೀಕ್ಷೆ

ಫ್ರೀಜರಿನ ಸ್ವಂತ ಗುಂಡಿಯನ್ನು ಅತಿ ತಂಪಿಗೆ ತಿರುಗಿಸಿಬಿಡಿ. ಅದು ಸದಾ ಓಡಲು ಸಿದ್ಧವಾಗಿರಲಿ, ನಿರ್ಧಾರ ಕಂಟ್ರೋಲರಿನದಾಗಿರಲಿ. ಐಟಿಸಿ-308ರಲ್ಲಿ ಹೀಗೆ ಹೊಂದಿಸಿ:

1. ‘ಟಿಎಸ್’, ಅಂದರೆ ಬೇಕಾದ ಉಷ್ಣಾಂಶ: 19.
2. ‘ಸಿಡಿ’: 0.5. ಬಿಯರ್ 19.5ಕ್ಕೆ ಏರಿದಾಗ ತಂಪು ಶುರು, 19ಕ್ಕೆ ಬಂದಾಗ ಬಂದ್.
3. ‘ಎಚ್‌ಡಿ’: 1.0. ಬಿಯರ್ 18ಕ್ಕೆ ಇಳಿದಾಗ ಮಾತ್ರ ಹೀಟರ್ ಶುರು.
4. ‘ಪಿಟಿ’: 10 ನಿಮಿಷ. ಕಂಪ್ರೆಸರ್ ಒಮ್ಮೆ ನಿಂತ ಮೇಲೆ ಇಷ್ಟು ಹೊತ್ತು ಮತ್ತೆ ಶುರುವಾಗದು. ಒಳಗಿನ ಒತ್ತಡ ಇಳಿಯುವ ಮೊದಲೇ ಎಬ್ಬಿಸಿದರೆ ಕಂಪ್ರೆಸರ್ ಬಹುಕಾಲ ಬಾಳುವುದಿಲ್ಲ.

ಎಚ್‌ಡಿಯನ್ನೂ 0.5 ಇಡಬಾರದೇ? ನಾನು ಹಾಗೇ ಇಟ್ಟಿದ್ದೆ. ಕಂಪ್ರೆಸರ್ ನಿಂತ ಮೇಲೂ ಫ್ರೀಜರಿನ ಗೋಡೆಗಳು ಹಿಮದಷ್ಟು ತಣ್ಣಗಿರುತ್ತವೆ, ಬಿಯರ್ ಇನ್ನೂ ಸ್ವಲ್ಪ ಇಳಿಯುತ್ತಲೇ ಹೋಗುತ್ತದೆ. 18.5 ಮುಟ್ಟಿದೊಡನೆ ಹೀಟರ್ ಎದ್ದಿತು, ಅದು ಬಿಸಿ ಮಾಡಿದ್ದನ್ನು ಫ್ರೀಜರ್ ತಣಿಸಿತು. ರಾತ್ರಿಯಿಡೀ ಎರಡೂ ಜಗಳವಾಡಿದವು.

ಬಿಯರ್ ಇಡುವ ಮೊದಲು 19 ಲೀಟರ್ ನೀರು ತುಂಬಿದ ಬಕೆಟ್ಟಿನಿಂದ ಪರೀಕ್ಷಿಸಿ. ಒಂದು ಹಾಳೆಯಲ್ಲಿ ಗಂಟೆಗೊಮ್ಮೆ ಅಂಕಿ ಬರೆಯಿರಿ. 27ರ ನೀರು 19ಕ್ಕೆ ಬರಲು ಎಷ್ಟು ಹೊತ್ತು ಹಿಡಿಯಿತು, ಎಷ್ಟು ಕೆಳಗೆ ಜಾರಿತು ಎಂಬುದು ಆಗ ಗೊತ್ತಾಗುತ್ತದೆ. ಒಂದು ಹಗಲು-ರಾತ್ರಿಯ ಈ ತಾಳ್ಮೆ ಮುಂದೆ ಹತ್ತಾರು ಬಕೆಟ್ ಬಿಯರನ್ನು ಉಳಿಸುತ್ತದೆ.

ಕಂಟ್ರೋಲರನ್ನು ಗೋಡೆಯ ಮೂರು ಪಿನ್ನಿನ ಸಾಕೆಟ್ಟಿಗೆ ನೇರವಾಗಿ ಹಾಕಿ. ತೆಳು ಎಕ್ಸ್‌ಟೆನ್ಷನ್ ವೈರು ಕಂಪ್ರೆಸರ್ ಶುರುವಾಗುವ ಹೊತ್ತಿನಲ್ಲಿ ಬಿಸಿಯಾಗುತ್ತದೆ.

ಬಿಯರ್ ಒಳಗೆ ಹೋದ ಮೇಲೆ

ತುಂಬಿದ ಬಕೆಟ್ಟಿನ ತೂಕ 20 ಕಿಲೋ ದಾಟುತ್ತದೆ. ಬಗ್ಗಿಕೊಂಡು ಅದನ್ನು ಫ್ರೀಜರಿನೊಳಗೆ ಇಳಿಸುವುದು ಸೊಂಟಕ್ಕೆ ಕೇಡು. ಖಾಲಿ ಬಕೆಟ್ಟನ್ನು ಮೊದಲೇ ಒಳಗಿಟ್ಟು, ತಣಿಸಿದ ವರ್ಟನ್ನು ಕೊಳವೆಯಿಂದ ತುಂಬಿಸಿ.

ಯೀಸ್ಟ್ ಹಾಕುವಾಗ ವರ್ಟ್ 18ರಲ್ಲಿರಲಿ. ಮೊದಲ ಮೂರು-ನಾಲ್ಕು ದಿನ 19ರ ಆಸುಪಾಸು ದಾಟಬಾರದು. ಕೆಟ್ಟ ರುಚಿಗಳು ಹುಟ್ಟುವುದು ಹೆಚ್ಚಾಗಿ ಈ ದಿನಗಳಲ್ಲೇ. ಗುಳ್ಳೆಗಳು ನಿಧಾನವಾದಾಗ 21ಕ್ಕೆ ಏರಿಸಿ, ಯೀಸ್ಟ್ ಉಳಿದ ಕೆಲಸವನ್ನು ಪೂರ್ತಿ ಮಾಡಲಿ. ಉಳಿದ ಸಕ್ಕರೆಯ ಅಂದಾಜು ಕೊಡುವ ಹೈಡ್ರೋಮೀಟರ್ ಎರಡು-ಮೂರು ದಿನ ಒಂದೇ ಅಂಕಿ ತೋರಿಸಿದ ಮೇಲೆ 2 ಡಿಗ್ರಿಗೆ ಇಳಿಸಿ ಎರಡು ದಿನ ಬಿಟ್ಟರೆ ಯೀಸ್ಟ್ ತಳಕ್ಕಿಳಿದು ಬಿಯರ್ ತಿಳಿಯಾಗುತ್ತದೆ. ತಣ್ಣಗಾಗುವಾಗ ಬಕೆಟ್ಟಿನೊಳಗಿನ ಗಾಳಿ ಕುಗ್ಗಿ ಏರ್‌ಲಾಕಿನ ನೀರನ್ನು ಒಳಕ್ಕೆ ಎಳೆಯುತ್ತದೆ. ಮೊದಲೇ ಏರ್‌ಲಾಕ್ ತೆಗೆದು ಗಟ್ಟಿ ಬಿರಡೆ ಹಾಕಿ.

ಲಾಗರಿಗಾದರೆ 11ರಲ್ಲಿ ಶುರು ಮಾಡಿ. ಮುಕ್ಕಾಲು ಪಾಲು ಸಕ್ಕರೆ ಕರಗಿದ ಮೇಲೆ 17ಕ್ಕೆ ಏರಿಸಿ ಮೂರು ದಿನ ಬಿಡಿ. ಬೆಣ್ಣೆಯ ವಾಸನೆ ಕೊಡುವ ಡೈಅಸಿಟೈಲನ್ನು ಯೀಸ್ಟ್ ಮರಳಿ ಹೀರಿಕೊಳ್ಳುತ್ತದೆ. ನಂತರ ದಿನಕ್ಕೆ ಎರಡು ಡಿಗ್ರಿಯಂತೆ ಇಳಿಸುತ್ತ 1 ಡಿಗ್ರಿಗೆ ತಂದು ನಾಲ್ಕು ವಾರ ಮುಟ್ಟದೆ ಬಿಡಿ.

ಅನಿಲದ ಬಗ್ಗೆ ಎಚ್ಚರ ಬೇಕು. 19 ಲೀಟರ್ ಬಿಯರ್ ಹುದುಗುವಾಗ ಸುಮಾರು 400 ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅದು ಗಾಳಿಗಿಂತ ಭಾರ, ಚೆಸ್ಟ್ ಫ್ರೀಜರಿನಲ್ಲಿ ಕೆರೆಯಂತೆ ನಿಲ್ಲುತ್ತದೆ. ಗ್ಯಾರೇಜಿನ ಬಾಗಿಲು ಎತ್ತಿ, ಮುಚ್ಚಳ ತೆರೆದು, ಒಂದು ರಟ್ಟಿನಿಂದ ಬೀಸಿ, ಕೆಲವು ನಿಮಿಷ ಕಾದ ಮೇಲೆಯೇ ಒಳಗೆ ಬಗ್ಗಿ. ಮಲಗುವ ಕೋಣೆಯಲ್ಲಿ ಈ ಪೆಟ್ಟಿಗೆ ಇಡಬೇಡಿ.

ತೇವ ಇನ್ನೊಂದು ತೊಂದರೆ. ತಣ್ಣನೆಯ ಗೋಡೆಯ ಮೇಲೆ ನೀರು ಕಟ್ಟಿ, ತಳದಲ್ಲಿ ನಿಂತು, ಹದಿನೈದು ದಿನದಲ್ಲಿ ಕಪ್ಪು ಬೂಷ್ಟು ಬರುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ, ತೇವ ಹೀರುವ ಡಬ್ಬಿಯೊಂದನ್ನು ಉಬ್ಬಿನ ಮೇಲಿಡಿ. ಹಳೆಯ ಕಂಪ್ಯೂಟರಿನ 12 ವೋಲ್ಟ್ ಫ್ಯಾನೊಂದನ್ನು ಹಳೆಯ ರೂಟರಿನ ಅಡಾಪ್ಟರಿಗೆ ಜೋಡಿಸಿ ಒಳಗಿಟ್ಟರೆ ಗಾಳಿ ತಿರುಗಾಡಿ ತೇವ ಒಂದೇ ಕಡೆ ನಿಲ್ಲುವುದಿಲ್ಲ. ಒಂದು ಬಿಯರ್ ಮುಗಿದಾಗಲೆಲ್ಲ ನೀರು ಬೆರೆಸಿದ ಬ್ಲೀಚಿನಲ್ಲಿ ಒರೆಸಿ, ತೊಳೆದು, ಒಣಗಿಸಿ.

ಫ್ರೀಜರಿಗೆ ಜಾಗವೇ ಇಲ್ಲದವರು ಬಕೆಟ್ಟನ್ನು ನೀರಿನ ಟಬ್ಬಿನಲ್ಲಿಟ್ಟು, ಒದ್ದೆ ಟೀ ಶರ್ಟ್ ತೊಡಿಸಿ, ಫ್ಯಾನ್ ಬೀಸಲಿ. ಮಣ್ಣಿನ ಹೂಜಿಯ ತತ್ವವೇ ಇದು, ಒಣ ಹವೆಯಲ್ಲಿ ಕೆಲವು ಡಿಗ್ರಿ ಇಳಿಯುತ್ತದೆ. ನಾರ್ವೆಯ ರೈತಮನೆಗಳಿಂದ ಬಂದ ಕ್ವೈಕ್ ಎಂಬ ಯೀಸ್ಟ್ 30 ದಾಟಿದರೂ ಚೊಕ್ಕ ಬಿಯರ್ ಕೊಡುತ್ತದೆ, ಅದನ್ನೂ ನೋಡಬಹುದು.

ಕಳೆದ ಚಳಿಗಾಲ ಅಮ್ಮ ಶಿವಮೊಗ್ಗದಿಂದ ಬಂದಿದ್ದಾಗ ಎರಡು ದಿನ ಸತತವಾಗಿ ದೋಸೆ ಹಿಟ್ಟು ಏಳಲಿಲ್ಲ. ಪೆಟ್ಟಿಗೆ ಆಗ ಖಾಲಿ ಇತ್ತು. ಒಳಗನ್ನು ಒರೆಸಿ, ಹಿಟ್ಟಿನ ಪಾತ್ರೆಯನ್ನಿಟ್ಟು, ಸೆನ್ಸರನ್ನು ಪಾತ್ರೆಯ ಮೈಗೆ ಅಂಟಿಸಿ, 30 ಡಿಗ್ರಿ ಹೊಂದಿಸಿದೆ. ಬೆಳಗ್ಗೆ ಆರಕ್ಕೆ ಅಮ್ಮ ಮುಚ್ಚಳ ಎತ್ತಿ ನೋಡಿದಾಗ ಹಿಟ್ಟು ಪಾತ್ರೆಯ ಕಂಠದವರೆಗೆ ಬಂದಿತ್ತು. “ಇದನ್ನು ಮೊದಲೇ ಹೇಳಬಾರದಿತ್ತೇನೋ?” ಎಂದರು. ನೀವೂ ಹೀಗೆ ಮಾಡುವುದಾದರೆ ಪಾತ್ರೆಯನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ಹಿಟ್ಟು ತೆಗೆದ ಮೇಲೆ ಕಂಟ್ರೋಲರನ್ನು ಮತ್ತೆ 19ಕ್ಕೆ ತರಲು ಮರೆಯಬೇಡಿ.